ನಾನಂತೂ ಸ್ಕೀ ಮಾಡುವುದಿಲ್ಲ

ಮೊದಲೇ ಹೇಳಿಬಿಡುತ್ತೇನೆ, ನಾನು ಪುಕ್ಕಲನಲ್ಲ. ಹೆದರಿಕೆಗೂ ಮುಂಜಾಗ್ರತೆಗೂ ವ್ಯತ್ಯಾಸವಿದೆ. ಆ ವ್ಯತ್ಯಾಸವನ್ನು ಮದುವೆಯಾದಂದಿನಿಂದ ನನ್ನ ಹೆಂಡತಿ ಕಸ್ತೂರಿಗೆ ವಿವರಿಸುತ್ತ ಬಂದಿದ್ದೇನೆ. ಆಕೆಗೆ ಇನ್ನೂ ತಿಳಿದಿಲ್ಲ!

ಸಂಕೇಶ್ವರದಲ್ಲಿ ನನ್ನದೊಂದು ಪೈಪು, ಪಂಪ್‌ಸೆಟ್ಟಿನ ಅಂಗಡಿ ಇದೆ. ಹೆಚ್ಚು ಮಾಲು ಮಾರಿದ ಡೀಲರುಗಳಿಗೆ ಪೈಪಿನ ಕಂಪನಿಯವರು ವರ್ಷಕ್ಕೊಮ್ಮೆ ಬಹುಮಾನ ಕೊಡುತ್ತಾರೆ. ನನ್ನ ಕಣ್ಣು ಮೂರನೆಯ ಬಹುಮಾನವಾದ ಫ್ರಿಜ್ಜಿನ ಮೇಲಿತ್ತು. ಹೆಚ್ಚೂ ಆಗದಂತೆ, ಕಡಿಮೆಯೂ ಆಗದಂತೆ ಬಹಳ ಜತನದಿಂದ ಮಾರುತ್ತಿದ್ದೆ. ಅಷ್ಟರಲ್ಲಿ ಹುಕ್ಕೇರಿ ಕಡೆಯ ರೈತರೆಲ್ಲ ಒಮ್ಮೆಲೇ ಪೈಪಿಗೆ ಮುಗಿಬಿದ್ದರು. ಬಾಗಿಲಿಗೆ ಬಂದ ಗಿರಾಕಿಯನ್ನು ಹೋಗೆನ್ನಲಾದೀತೇ? ನೋಡನೋಡುತ್ತ ಮೊದಲ ಬಹುಮಾನ ನನ್ನ ತಲೆಗೆ ಬಂತು. ಚಳಿಗಾಲದಲ್ಲಿ, ಆಲ್ಪ್ಸ್ ಪರ್ವತಗಳ ನಡುವಿನ ಇನ್ಸ್‌ಬ್ರುಕ್ ಎಂಬ ಊರಿಗೆ, ಪತ್ನಿ ಸಮೇತ ಪ್ರವಾಸ. ಫ್ರಿಜ್ ಕೇಳಿದವನನ್ನು ಫ್ರಿಜ್ಜಿನೊಳಗೇ ಕೂಡಿಸಲು ಹೊರಟಿದ್ದರು!

ಕಂಪನಿಯವರು ಕಳಿಸಿದ ಚಿತ್ರಗಳಲ್ಲಿ ಜನ ಕಾಲಿಗೆ ಎರಡು ಪಟ್ಟಿ ಕಟ್ಟಿಕೊಂಡು ಹಿಮದ ಗುಡ್ಡದಿಂದ ಕೆಳಕ್ಕೆ ಹಾರುತ್ತಿದ್ದರು. ಅದಕ್ಕೆ ಸ್ಕೀ ಎನ್ನುತ್ತಾರಂತೆ. ಅದನ್ನು ನೋಡಿ ನಾನು ಶಾಂತಚಿತ್ತನಾಗಿ ವಿಚಾರ ಮಾಡಿದೆ. ಆ ಊರಿನ ಅಪಾಯವೆಲ್ಲ ಸ್ಕೀಯಲ್ಲಿದೆ. ಸ್ಕೀ ಮಾಡದಿದ್ದರೆ ಅಪಾಯವೇ ಇಲ್ಲ. ಎಷ್ಟು ಸರಳ! ಊಟಕ್ಕೆ ಕುಳಿತಾಗ ಮನೆಯವರ ಮುಂದೆ ಅಧಿಕೃತವಾಗಿ ಘೋಷಿಸಿದೆ.

“ನೋಡ ಕಸ್ತೂರಿ, ಬರ್ತೀನಿ. ಆದ್ರ ನಾನಂತೂ ಸ್ಕೀ ಮಾಡೂದಿಲ್ಲ.”

“ನಿಮಗ ಸ್ಕೀ ಮಾಡ್ರಿ ಅಂದವರ ಯಾರು? ನನಗ ಒಂದ ಫೋಟೋ ಸಾಕ್ರಿ. ಗುಡ್ಡದ ತುದಿ ಮ್ಯಾಲ ನಾವಿಬ್ರೂ ಬಾಜೂ ಬಾಜೂ ನಿಂತ ಫೋಟೋ.”

ಈ ಫೋಟೋದ ಹಿಂದೊಂದು ಕತೆಯಿದೆ. ಕಸ್ತೂರಿಯ ತವರು ಗೋಕಾಕ. ಮದುವೆಯಾದ ಹೊಸತರಲ್ಲಿ ಅವರ ಮನೆಯವರು ಹೊಸ ಅಳಿಯನನ್ನು ಜಲಪಾತ ತೋರಿಸಲು ಕರೆದೊಯ್ದರು. ಅಲ್ಲಿ ನದಿಯ ಮೇಲೊಂದು ತೂಗುಸೇತುವೆ. ಕೆಳಗೆ ಘಟಪ್ರಭೆ ಗದ್ದಲ ಹಾಕುತ್ತಿದ್ದಳು. ಹಲಗೆಗಳ ಸಂದಿಯಲ್ಲಿ ಸಿಕ್ಕೀತೆಂದು ಹೆಂಗಸರೆಲ್ಲ ಚಪ್ಪಲಿ ಬಿಟ್ಟರು. ಅಷ್ಟೊಂದು ಚಪ್ಪಲಿ ಕಾಯಲು ಜವಾಬ್ದಾರಿಯುತ ವ್ಯಕ್ತಿಯೊಬ್ಬ ಬೇಕಲ್ಲ? ಆ ಹೊಣೆಯನ್ನು ನಾನು ಸ್ವಇಚ್ಛೆಯಿಂದ ಹೊತ್ತೆ. ಕಸ್ತೂರಿ ಓಡುತ್ತ ದಾಟಿ, ಆ ದಂಡೆಯಿಂದ ನನಗೆ ಕೈ ಮಾಡಿದಳು. ಅದೇ ಹೊತ್ತಿಗೆ ಅವಳ ತಮ್ಮ ಬಸು ಈ ದಂಡೆಯಿಂದ ಅವಳ ಫೋಟೋ ತೆಗೆದ.

ಆ ಫೋಟೋ ಇವತ್ತಿಗೂ ಗೋಕಾಕದ ಮನೆಯ ಪಡಸಾಲೆಯಲ್ಲಿ ತೂಗುತ್ತಿದೆ. ಹೊಸಬರು ಯಾರೇ ಬರಲಿ, ಬಸು ಅವರನ್ನು ಅದರ ಮುಂದೆ ನಿಲ್ಲಿಸುತ್ತಾನೆ. “ಇದ್ರಾಗ ನಮ್ಮ ಮಾವಾರ ಎಲ್ಲಿ ಅದಾರ, ಹೇಳ್ರಿ ನೋಡೂಣು?” ಅವರು ಕಣ್ಣು ಕಿರಿದು ಮಾಡಿ ಹುಡುಕುತ್ತಾರೆ. ಕೊನೆಗೆ ಇವನೇ ಹೇಳುತ್ತಾನೆ. “ಈ ಕಡೆ ದಂಡಿ ಮ್ಯಾಲ, ಚಪ್ಪಲಿ ಕಾಯಾಕತ್ತಾರ!” ಮನೆಯೆಲ್ಲ ನಗುತ್ತದೆ. ಕಸ್ತೂರಿಯೂ ನಗುತ್ತಾಳೆ. ಆದರೆ ಒಮ್ಮೆ ಪಡಸಾಲೆಯಲ್ಲಿ ಯಾರೂ ಇಲ್ಲದಾಗ ಅವಳು ಆ ಫೋಟೋದ ಗಾಜು ಒರೆಸುವುದನ್ನು ಕಂಡೆ. ತನ್ನ ಪಕ್ಕದ ಖಾಲಿ ಜಾಗಕ್ಕೆ ಬಂದಾಗ ಅವಳ ಕೈ ತುಸು ನಿಂತಿತು. ಅದಕ್ಕೇ ಈ ಸಲ ಏನಾದರಾಗಲಿ, ಅವಳ ಬಾಜೂ ನಿಂತೇ ತೀರುತ್ತೇನೆಂದು ನಿರ್ಧರಿಸಿದೆ. ನಿರ್ಧಾರ ಮಾಡಿದ್ದು ಸಂಕೇಶ್ವರದಲ್ಲಿ, ಸಪಾಟು ನೆಲದ ಮೇಲೆ!

ಇನ್ಸ್‌ಬ್ರುಕ್ ಚೆಂದದ ಊರು. ಸಾಲಾಗಿ ಬಣ್ಣಬಣ್ಣದ ಮನೆಗಳು, ನಡುವೆ ಹೊಳೆ, ಎತ್ತ ತಿರುಗಿದರೂ ತಲೆಯ ಮೇಲೆಯೇ ಬಂದು ನಿಂತಂಥ ಬಿಳಿಯ ಗುಡ್ಡಗಳು. ನಮ್ಮ ಗುಂಪಿನ ಗೈಡ್ ಮೇಘಾ ಎಂಬ ಪುಣೆಯ ಹುಡುಗಿ. ನನ್ನ ಬಾಟಾ ಚಪ್ಪಲಿ ನೋಡಿದವಳೇ ಅಂಗಡಿಗೆ ಕರೆದೊಯ್ದು ಹಿಮದ ಬೂಟು ಬಾಡಿಗೆಗೆ ಕೊಡಿಸಿದಳು. ಒಂದೊಂದೂ ನಮ್ಮ ಅಂಗಡಿಯ ಸಣ್ಣ ಪಂಪಿನಷ್ಟು ಭಾರ! ಅದನ್ನು ಹಾಕಿಕೊಂಡು ಧೈರ್ಯದಿಂದ ಬೀದಿಗಿಳಿದೆ. ಎರಡು ಹೆಜ್ಜೆಗೆ ಕಾಲು ಆಕಾಶಕ್ಕೆ ಹೋಯಿತು. ಸ್ಕೀ ಮಾಡದವನಿಗೂ ಈ ಊರಿನಲ್ಲಿ ಜಾರುವ ಸೌಲಭ್ಯ ಉಂಟೆಂದು ಆಗ ತಿಳಿಯಿತು. ಅಲ್ಲಿಂದ ಮುಂದೆ ಇಡೀ ಊರನ್ನು ಗೋಡೆ ಹಿಡಿದುಕೊಂಡೇ ನೋಡಿದೆ. ಗೋಡೆ ಮುಗಿದಲ್ಲಿ ಕಸ್ತೂರಿಯನ್ನು ಹಿಡಿದೆ.

ಮರುದಿನ ಗುಡ್ಡ ಹತ್ತುವ ಕಾರ್ಯಕ್ರಮ. ಹತ್ತುವುದೆಂದರೆ ನಡೆದಲ್ಲ. ತಂತಿಗೆ ನೇತುಹಾಕಿದ ಗಾಜಿನ ಡಬ್ಬಿಯಲ್ಲಿ! ಬೇರೆ ಡೀಲರುಗಳು ಚಪ್ಪಾಳೆ ತಟ್ಟಿದರು. ನಾನು ತಂತಿಯನ್ನು ನೋಡಿದೆ. ಬೋರಿಗೆ ಪಂಪು ಇಳಿಸುವಾಗ ಹಗ್ಗ ಹರಿದು ಪಂಪು ಒಳಗೇ ಉಳಿದದ್ದನ್ನು ಈ ಕಣ್ಣುಗಳು ಎಷ್ಟೋ ಸಲ ನೋಡಿವೆ. ಈಗ ಪಂಪು ನಾನೇ!

“ಕಸ್ತೂರಿ, ಹೊಟ್ಯಾಗ ಯಾಕೋ ಬರೋಬರಿ ಇಲ್ಲ.”

“ಹೊಟ್ಯಾಗ ಏನೂ ಆಗಿಲ್ರಿ. ನಿಮ್ಮ ಎದಿ ಹೊಡಕೊಳ್ಳಾಕತ್ತೈತಿ. ಇಲ್ಲೀತನಾ ಕೇಳಸ್ತೈತಿ.”

“ನೀ ಹೋಗಿ ಬಾ. ನಾ ಇಲ್ಲೇ ಬ್ಯಾಗ್ ಕಾಯ್ಕೊಂತ ಕುಂದರ್ತೀನಿ.”

ಆಡಿದ ಮೇಲೆ ಗೊತ್ತಾಯಿತು, ಏನು ಅಂದೆನೆಂದು. ಕಸ್ತೂರಿ ನನ್ನ ಮುಖವನ್ನೇ ನೋಡಿದಳು. ಸಿಟ್ಟು ಮಾಡಿದ್ದರೆ ತಡೆದುಕೊಳ್ಳುತ್ತಿದ್ದೆ.

“ಆತ್ರಿ, ಕುಂದರ್ರಿ. ಆದ್ರ ಈ ಸಲ ನಾ ಆ ಕಡಿಂದ ಕೈ ಮಾಡೂದಿಲ್ಲ,” ಎಂದಳು ಮೆಲ್ಲಗೆ.

ಹತ್ತಿಬಿಟ್ಟೆ! ಹತ್ತಿದವನೇ ಡಬ್ಬಿಯ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕುಳಿತು ಕಣ್ಣು ಮುಚ್ಚಿದೆ. “ಬಸವಣ್ಣಾ, ಬಸವಣ್ಣಾ” ಎಂದು ಜಪಿಸಿದೆ. ನೆಲ ಕಾಲಡಿಯಿಂದ ಜಾರಿತು. ಹೊಟ್ಟೆ ಕೆಳಗೇ ಉಳಿಯಿತು. ನಡುವೆ ಎಲ್ಲೋ ಡಬ್ಬಿ ಗಡಗಡ ಅಲುಗಿದಾಗ ನನ್ನ ಜೀವನದ ಬಾಕಿ ಕೆಲಸಗಳೆಲ್ಲ ನೆನಪಾದವು. ಕೈಗೆ ಏನೋ ತಾಗಿತೆಂದು ಕಿರುಚಿದೆ. ಕಣ್ಣು ತೆರೆದರೆ ಆ ದೇಶದ ಅಜ್ಜಿಯೊಬ್ಬಳು ಕರುಣೆಯಿಂದ ಪೆಪ್ಪರಮಿಂಟು ಕೊಡುತ್ತಿದ್ದಳು. ಆಕೆಯ ಬಗಲಲ್ಲಿ ಸ್ಕೀ ಪಟ್ಟಿಗಳಿದ್ದವು!

ಮೇಲೆ ತಲುಪಿದಾಗ ಆಕಾಶ ನಿಚ್ಚಳವಾಗಿತ್ತಂತೆ. ನಾನು ನೋಡಲಿಲ್ಲ. ಬಾಗಿಲ ಬಳಿಯ ಕಬ್ಬಿಣದ ಕಂಬವೊಂದನ್ನು ತಬ್ಬಿ ನಿಂತಿದ್ದೆ. ಕಸ್ತೂರಿ ಹೊರಗೆ ಕಟಕಟೆಯ ಹತ್ತಿರದಿಂದ ಕೂಗಿದಳು.

“ಲಗೂ ಬರ್ರಿ! ಎಷ್ಟ ಚಂದ ಕಾಣಾಕತ್ತೈತಿ!”

“ಬಂದೆ, ಬಂದೆ.”

“ಏನ್ರಿ, ಮೋಡ ಬರಾಕತ್ತೈತಿ!”

“ಬಂದ್ನೆಲ್ಲ!”

ಬರುತ್ತಿದ್ದೆ, ನಿಜ. ಆದರೆ ಒಂದು ಹೆಜ್ಜೆಗೂ ಇನ್ನೊಂದಕ್ಕೂ ನಡುವೆ ಉಸಿರು ತೆಗೆದುಕೊಳ್ಳಬೇಕಲ್ಲ? ಅಂತೂ ಹೋಗಿ ಅವಳ ಬಾಜೂ ನಿಂತು, ಮೀಸೆ ತಿರುವಿ, ಮೇಘಾಳಿಗೆ ಸನ್ನೆ ಮಾಡಿದೆ. ಅಷ್ಟರಲ್ಲಿ ಗುಡ್ಡವಿಲ್ಲ, ಊರಿಲ್ಲ, ಆಕಾಶವಿಲ್ಲ. ಎಲ್ಲ ಮೋಡ ನುಂಗಿತ್ತು!

ಕಸ್ತೂರಿ ಮೊಬೈಲಿನಲ್ಲಿ ಫೋಟೋ ನೋಡಿದಳು. “ಸುಣ್ಣಾ ಹಚ್ಚಿದ ಗ್ವಾಡಿ ಮುಂದ ನಿಂತಂಗ ಐತಿ. ಬಸು ಏನಂತಾನ ಗೊತ್ತೈತೇನ್ರಿ? ಸಂಕೇಶ್ವರದ ಗೋದಾಮಿನ ಹಿಂದ ತಗಸೀರಿ ಅಂತಾನ.” ಹೇಳಿ ನಕ್ಕಳು. ಆ ನಗು ಅವಳದಾಗಿರಲಿಲ್ಲ. ಇಷ್ಟು ದೂರ ಬಂದೂ ನಾನು ಆ ದಂಡೆಯ ಮೇಲೆಯೇ ಉಳಿದೆನಲ್ಲ ಎಂದು ನನ್ನ ಮೇಲೆ ನನಗೇ ಹೇಸಿಕೆಯಾಯಿತು. ಮೋಡ ಸರಿಯಲೆಂದು ಬಹಳ ಹೊತ್ತು ಕಾದೆವು. ಸರಿಯಲಿಲ್ಲ. ಬದಲಿಗೆ ಗಾಳಿ ಎದ್ದಿತು.

ಇಳಿಯುವ ಡಬ್ಬಿ ಆ ಗಾಳಿಗೆ ತೊಟ್ಟಿಲಿನಂತೆ ತೂಗುತ್ತಿತ್ತು. ನನ್ನ ಪಶ್ಚಾತ್ತಾಪಕ್ಕೂ ಒಂದು ಮಿತಿಯಿದೆ! “ನಡಕೊಂತ ಇಳಿಯೂಣು,” ಎಂದೆ. ಗಿಡಗಳ ನಡುವೆ ಅಗಲವಾದ ದಾರಿಯೊಂದು ಕೆಳಗಿಳಿಯುತ್ತಿತ್ತು. ಅಲ್ಲಿ ಹೊರಟವರ ಕೈಯಲ್ಲೆಲ್ಲ ಹಗ್ಗ ಕಟ್ಟಿದ, ಚಕ್ರವಿಲ್ಲದ ಪುಟ್ಟ ಮರದ ಗಾಡಿ. ಸಾಮಾನು ಎಳೆಯಲು ಎಂಥ ಒಳ್ಳೆಯ ಏರ್ಪಾಡು! ನಮ್ಮ ಬ್ಯಾಗಿನಲ್ಲಿ ಕಟಕರೊಟ್ಟಿ, ಶೇಂಗಾ ಚಟ್ನಿ, ಮೇಲೆ ಗೋಕಾಕದ ಕರದಂಟು. ಹೆಗಲು ಕಿತ್ತು ಹೋಗುತ್ತಿತ್ತು. ಬಾಡಿಗೆಯ ಕಟ್ಟೆಗೆ ಹೋಗಿ ನಾನೂ ಒಂದು ತಂದೆ.

ಗುಂಪಿನ ಜತೆ ಡಬ್ಬಿ ಹತ್ತುತ್ತಿದ್ದ ಮೇಘಾ ಅಲ್ಲಿಂದಲೇ ಮರಾಠಿಯಲ್ಲಿ ಕೇಳಿದಳು, ಅದನ್ನು ನಡೆಸುವುದು ಹೇಗೆಂದು ಗೊತ್ತಲ್ಲ ಎಂದು. ಅದೇ ಮರಾಠಿಯಲ್ಲಿ ನಾನೂ ಗತ್ತಿನಿಂದ ಉತ್ತರಿಸಿದೆ, ಕೌಜಲಗಿಯ ಒಕ್ಕಲುತನದ ಮನೆಯಲ್ಲಿ ಹುಟ್ಟಿದವನಿಗೆ ಗಾಡಿ ಹೇಳಿಕೊಡಬೇಕೇ ಎಂದು. ಪಾಪ, ಆಕೆ ನಂಬಿದಳು!

ಬ್ಯಾಗು ಗಾಡಿಯ ಮೇಲಿಟ್ಟು ಎಳೆಯುತ್ತ ನಡೆದೆವು. ಹೆಜ್ಜೆಯಿಟ್ಟರೆ ಹಿಮ ಕರ್ರ್ ಎನ್ನುತ್ತಿತ್ತು. ಸ್ವಲ್ಪ ಇಳಿಯುವಷ್ಟರಲ್ಲಿ ಮೋಡದಿಂದ ಹೊರಬಂದೆವು. ಎದುರಿಗೆ ಬಿಸಿಲು ಬಿದ್ದ ಗುಡ್ಡಗಳು! ನನಗೂ ಮೊದಲ ಬಾರಿ ಸಂತೋಷವಾಯಿತು. ಹಸಿವೂ ಆಯಿತು. ರೊಟ್ಟಿ ತಿನ್ನಲು ಕುಳಿತುಕೊಳ್ಳಬೇಕೆಂದರೆ ಸುತ್ತಲೂ ಹಿಮ. ಗಾಡಿ ಇದೆಯಲ್ಲ! ಕಸ್ತೂರಿ ಬ್ಯಾಗನ್ನು ತೊಡೆಯ ಮೇಲಿಟ್ಟುಕೊಂಡು ಹಿಂದೆ ಕುಳಿತಳು. ನಾನು ಹಗ್ಗ ಹಿಡಿದು ಮುಂದೆ ಕುಳಿತೆ.

ಗಾಡಿ ಹೊರಟಿತು.

ಮೊದಲು ಮೆಲ್ಲಗೆ. ನಂತರ ಗಿಡಗಳು ಎದುರಿನಿಂದ ಓಡಿ ಬರತೊಡಗಿದವು. ಅದು ಸಾಮಾನು ಎಳೆಯುವ ಗಾಡಿಯಲ್ಲ, ಜನ ಕುಳಿತು ಹಿಮದ ಮೇಲೆ ಜಾರುವ ಗಾಡಿ ಎಂದು ಆಗ ಹೊಳೆಯಿತು. ಚಿಕ್ಕವನಿದ್ದಾಗ ಹೊಲದಲ್ಲಿ ಮಣ್ಣಿನ ಹೆಂಟೆ ಒಡೆಯಲು ಎತ್ತು ಎಳೆಯುವ ಕೊರಡಿನ ಮೇಲೆ ನಿಂತು ಸವಾರಿ ಮಾಡಿದವನು ನಾನು. ಆ ವಿದ್ಯೆಯೆಲ್ಲ ಒಮ್ಮೆಲೇ ಕೈಗೆ ಬಂತು. ಹಗ್ಗವನ್ನು ಎದೆಗೆ ಜಗ್ಗಿ ಹಿಡಿದು ಗುಡ್ಡ ನಡುಗುವಂತೆ ಕೂಗಿದೆ, “ಹೋ! ಹೋ! ಹೋ!”

ಎತ್ತಿದ್ದರೆ ತಾನೇ ನಿಲ್ಲುವುದು!

“ಕಾಲ ಊರ್ರಿ! ಕಾಲ!” ಹಿಂದಿನಿಂದ ಕಸ್ತೂರಿ ಚೀರಿದಳು. ಕಾಲು ಎಂಬುದಷ್ಟೇ ನನ್ನ ತಲೆಗೆ ಹೋಯಿತು. ಎರಡನ್ನೂ ಮೇಲಕ್ಕೆತ್ತಿದೆ. ಗಾಡಿ ಇನ್ನೂ ಹಗುರಾಗಿ ಹಾರಿತು. ಮುಂದೆ ನಡೆಯುತ್ತಿದ್ದವರು ನನ್ನ ಹೋ ಹೋ ಕೇಳಿ ಅಕ್ಕಪಕ್ಕಕ್ಕೆ ಸರಿದು, ನಗುತ್ತ ತಾವೂ ಹೋ ಹೋ ಎಂದರು. ಸಾಯುವವನಿಗೆ ಜಯಕಾರ! ಅದರ ನಡುವೆ ಕಸ್ತೂರಿ ಅಳುತ್ತಿದ್ದಾಳೆ ಎಂದುಕೊಂಡೆ. ಕಿವಿಗೊಟ್ಟು ಕೇಳಿದರೆ, ಅವಳು ನಗುತ್ತಿದ್ದಳು. ತೂಗುಸೇತುವೆಯ ಮೇಲೆ ಓಡಿದ ಹುಡುಗಿಯ ನಗು ಅದು. ಆ ಗಾಬರಿಯಲ್ಲೂ ನನಗದು ಗುರುತು ಸಿಕ್ಕಿತು.

ದಾರಿ ಎಡಕ್ಕೆ ತಿರುಗಿತು. ನಾವು ತಿರುಗಲಿಲ್ಲ.

ಕಣ್ಣು ತೆರೆದರೆ ಬಿಳಿ. ಬಾಯಿ ತೆರೆದರೆ ಹಿಮ. ನಾನು ತಲೆಕೆಳಗಾಗಿ ಕಣಕಾಲಿನವರೆಗೆ ಹಿಮದ ದಿಬ್ಬದಲ್ಲಿ ಹೂತುಹೋಗಿದ್ದೆ. ಸತ್ತೆನೋ ಬದುಕಿದೆನೋ ತಿಳಿಯಲಿಲ್ಲ. ಹೊರಗೆ ಕಸ್ತೂರಿಯ ಧ್ವನಿ ಕೇಳಿತು. ದೇವರೇ, ನನ್ನನ್ನು ಎಳೆಯಲು ಜನ ಕರೆಯುತ್ತಿದ್ದಾಳೆ ಎಂದು ಕಣ್ಣಲ್ಲಿ ನೀರು ಬಂತು. ಕರೆದಿದ್ದಳು, ನಿಜ. ಯಾರದೋ ಕೈಗೆ ತನ್ನ ಮೊಬೈಲು ಕೊಟ್ಟಿದ್ದಳು!

“ಏನ್ರಿ, ತಡೀರಿ, ಹಂಗ ಇರ್ರಿ! ಅಳ್ಳಾಡಬ್ಯಾಡ್ರಿ! ಹಿಂದ ಗುಡ್ಡ ಭಾಳ ಚಲೋ ಬರಾಕತ್ತೈತಿ!”

ನಾನು ಅಲುಗಾಡಲಿಲ್ಲ. ಅಲುಗಾಡುವ ಸ್ಥಿತಿಯಲ್ಲಿಯೂ ಇರಲಿಲ್ಲ. ಫೋಟೋ ಮುಗಿದ ಮೇಲೆಯೇ ನನ್ನನ್ನು ಹೊರಗೆಳೆದರು. ಕಸ್ತೂರಿ ನನ್ನ ಮೀಸೆಯ ಹಿಮ ಒರೆಸಿ, ಕೈಗೆ ಕರದಂಟಿನ ತುಂಡೊಂದನ್ನು ಕೊಟ್ಟಳು. ಅಷ್ಟು ದೂರ ಉರುಳಿದರೂ ಅದು ಮುರಿದಿರಲಿಲ್ಲ. ಉಳಿದ ದಾರಿಯುದ್ದಕ್ಕೂ ಅವಳು ನನ್ನ ತೋಳು ಬಿಡಲಿಲ್ಲ.

ಈಗ ಗೋಕಾಕದ ಪಡಸಾಲೆಯಲ್ಲಿ ಹಳೆಯ ಫೋಟೋದ ಬಾಜೂ ಹೊಸದೊಂದು ತೂಗುತ್ತಿದೆ. ಹಿಂದೆ ಬಿಸಿಲಿನ ಗುಡ್ಡಗಳು, ಮುಂದೆ ಬಾಯ್ತುಂಬ ನಗುತ್ತಿರುವ ಕಸ್ತೂರಿ. ಬಸು ತನ್ನ ಪದ್ಧತಿ ಬಿಟ್ಟಿಲ್ಲ. “ಇದ್ರಾಗ ನಮ್ಮ ಮಾವಾರ ಎಲ್ಲಿ ಅದಾರ, ಹೇಳ್ರಿ ನೋಡೂಣು?”

ಈಗ ಕಸ್ತೂರಿ ಯಾರಿಗೂ ಹುಡುಕಲು ಬಿಡುವುದಿಲ್ಲ. ತಾನೇ ಎದ್ದು ಹೋಗಿ, ತನ್ನ ಪಕ್ಕದಲ್ಲಿ ಹಿಮದಿಂದ ಮೇಲೆದ್ದ ಎರಡು ಬೂಟುಗಳ ಮೇಲೆ ಬೆರಳಿಡುತ್ತಾಳೆ. “ಇಲ್ಲೇ ಅದಾರ ನೋಡ್ರಿ, ನನ್ನ ಬಾಜೂಕ!” ಎನ್ನುತ್ತಾಳೆ ಠೀವಿಯಿಂದ.

ನಾನೂ ಠೀವಿಯಿಂದಲೇ ತಲೆಯಾಡಿಸುತ್ತೇನೆ. ಫೋಟೋದಲ್ಲಿ ಕಾಣುವುದು ಬೂಟು ಮಾತ್ರ. ಅವೂ ಬಾಡಿಗೆಯವು!