ಲಿಫ್ಟಿನ ಪಕ್ಕದ ಹಲಗೆಯಲ್ಲಿ ಭಾವನ ವೈರಸ್

ಕಾಯಿಲೆಯ ಮುಂದೆ ಮನುಷ್ಯರೆಲ್ಲ ಸಮಾನರು ಎಂದು ತಿಳಿದವರು ಹೇಳುತ್ತಾರೆ. ತಿಳಿದವರು ಯಾರೂ ತಮ್ಮ ಷಡ್ಡಕನ ಜೊತೆ ಒಂದೇ ಹೌಸಿಂಗ್ ಸೊಸೈಟಿಯಲ್ಲಿ ಬಾಳಿದವರಲ್ಲ. ನಾನು ಮುಂಬಯಿಯ ವಡಾಲದಲ್ಲಿ ಇಪ್ಪತ್ತೆರಡು ವರ್ಷಗಳಿಂದ ಬಾಳುತ್ತಿದ್ದೇನೆ. ಅವರು ಎ ವಿಂಗ್, ನಾನು ಬಿ ವಿಂಗ್. ನನ್ನ ಹೆಂಡತಿಯ ಅಕ್ಕನ ಗಂಡನಾದ ಈ ಮಹಾನುಭಾವರಿಗೆ ಎಲ್ಲವೂ ನನಗಿಂತ ಒಂದು ಕೈ ಹೆಚ್ಚೇ: ಎತ್ತರ, ತಲೆಗೂದಲು, ಸೊಸೈಟಿ ಚುನಾವಣೆಯ ವೋಟು. ಕಾಯಿಲೆಯಲ್ಲಾದರೂ ನಾನು ಮುಂದಿದ್ದೆ. ಹದಿನೆಂಟು ವರ್ಷಗಳಿಂದ ಒಂದು ಸಕ್ಕರೆ ಕಾಯಿಲೆಯನ್ನು ಶ್ರದ್ಧೆಯಿಂದ ಸಾಕಿಕೊಂಡು ಬಂದಿದ್ದೆ. ಹೋದ ವರ್ಷ ಆ ಮುನ್ನಡೆಯೂ ಕೈತಪ್ಪಿತು. ಭಾವನಿಗೆ ಲಿಂಫೋಮಾ ಬಂತು, ದುಗ್ಧಗ್ರಂಥಿಗಳ ಕ್ಯಾನ್ಸರು.

ಬಂದದ್ದಾದರೂ ಸಾದಾ ಬಗೆಯದೇ? ಡಾಕ್ಟರು ನಮ್ಮಿಬ್ಬರನ್ನೂ ಕೂರಿಸಿಕೊಂಡು ವಿವರಿಸಿದರು. ಒಂದು ವೈರಸ್ ಇದೆ. ಚಿಕ್ಕಂದಿನಲ್ಲಿ ಒಳಹೊಕ್ಕು, ಹೆಚ್ಚಿನವರ ಮೈಯಲ್ಲಿ ಆಜೀವ ನಿದ್ದೆ ಮಾಡಿಕೊಂಡಿರುತ್ತದೆ. ಭಾವನ ಕ್ಯಾನ್ಸರ್ ಗಂಟಿನ ಜೀವಕೋಶಗಳಲ್ಲಿ ಅದು ಮನೆ ಮಾಡಿದೆ. ಅದರ ಡಿಎನ್‌ಎ ಚೂರುಗಳು ರಕ್ತದಲ್ಲಿ ತೇಲುತ್ತವೆ; ಅವನ್ನು ಎಣಿಸಿದರೆ ರೋಗ ಏರುತ್ತಿದೆಯೋ ಇಳಿಯುತ್ತಿದೆಯೋ ಗೊತ್ತಾಗುತ್ತದೆ.

"ಹೆಚ್ಚಿನವರಲ್ಲಿ ಎಂದರೆ ನನ್ನೊಳಗೂ ಇರಬಹುದಲ್ಲ ಡಾಕ್ಟ್ರೇ?" ಎಂದೆ, ಆಸೆಯಿಂದ.

"ಇರಬಹುದು."

"ಹಾಗಾದರೆ ನನ್ನದನ್ನೂ ಒಮ್ಮೆ ಎಣಿಸಿಬಿಡಿ."

ಭಾವ ನನ್ನ ಭುಜ ತಟ್ಟಿದರು. "ನಿಂದು ಎಣಿಸ್ಲಿಕ್ಕೆ ಎಂತ ಉಂಟು ಮಾರಾಯ? ನಿನ್ನ ವೈರಸ್ಸೂ ನಿನ್ನ ಹಾಗೇ, ಒಮ್ಮೆ ಮಲಗಿದ್ರೆ ಮುಗೀತು."

ಭಾವ ವಿಕ್ರೋಳಿಯ ಒಂದು ಕಾರ್ಖಾನೆಯಲ್ಲಿ ಕ್ಯಾಂಟೀನ್ ಮ್ಯಾನೇಜರ್ ಆಗಿದ್ದವರು. ಕರಿಹಲಗೆಯ ಮೇಲೆ ಅಂದಿನ ತಿಂಡಿಯ ಹೆಸರು ಬರೆಯದೆ ಒಂದು ದಿನವೂ ಒಲೆ ಹಚ್ಚಿಸಿದವರಲ್ಲ. ನಿವೃತ್ತರಾಗಿ ಸೊಸೈಟಿಯ ಸೆಕ್ರೆಟರಿಯಾದ ಮೇಲೆ ಲಿಫ್ಟಿನ ಪಕ್ಕ ಅಂಥದೇ ಹಲಗೆ ನೇತುಹಾಕಿದ್ದರು. "ಹೇಗಿದ್ದೀರಿ?" ಎಂದು ಕೇಳುವವರಿಗೆಲ್ಲ ಉತ್ತರಿಸಿ ಬೇಸತ್ತು, ಒಂದು ಬೆಳಿಗ್ಗೆ ಅದರಲ್ಲೇ ಬರೆದುಬಿಟ್ಟರು: "ನೀರು: ಆರರಿಂದ ಏಳು. ಲಿಫ್ಟ್: ರಿಪೇರಿ. ಸೆಕ್ರೆಟರಿಯವರ ವೈರಸ್: ನಲವತ್ತೆರಡು ಸಾವಿರ." ಕೆಳಗೆ ಮರಾಠಿಯಲ್ಲೂ ಅದೇ.

ಆ ದಿನದಿಂದ ನನ್ನ ಬದುಕು ಹಾಳಾಯಿತು. ಹಾಲಿನವನಿಂದ ಹಿಡಿದು ವಾಚ್‌ಮನ್‌ವರೆಗೆ ಎಲ್ಲರೂ ನನ್ನನ್ನು ತಡೆದು ನಿಲ್ಲಿಸುತ್ತಿದ್ದರು, ಭಾವನ ನಂಬರು ಕೇಳಲು. ಕೀಮೋ ಶುರುವಾಗಿ ನಂಬರು ಒಂಬತ್ತು ಸಾವಿರಕ್ಕೆ ಇಳಿದಾಗ ಮೂರನೇ ಮಹಡಿಯ ಶೇರು ದಲ್ಲಾಳಿ ನಿಟ್ಟುಸಿರಿಟ್ಟ: "ನಮ್ಮದೂ ಹೀಗೇ ಇಳೀತದೆ ಅಂಕಲ್, ಯಾರೂ ಖುಷಿಪಡೋದಿಲ್ಲ." ನನ್ನ ಹೆಂಡತಿ ನಾನು ಮಾತ್ರೆ ನುಂಗಿದೆನೋ ಇಲ್ಲವೋ ನೋಡುವುದನ್ನೂ ಬಿಟ್ಟು, ಬಾಲ್ಕನಿಯಿಂದ ಕೂಗುತ್ತಿದ್ದಳು: "ಭಾವಂದು ಎಷ್ಟಾಯ್ತಂತೆ?"

ಮನುಷ್ಯನ ಸಹನೆಗೂ ಮಿತಿ ಇದೆ. ಒಂದು ಮಧ್ಯಾಹ್ನ ಯಾರೂ ಇಲ್ಲದ್ದನ್ನು ನೋಡಿ, ಭಾವನ ವೈರಸ್ಸಿನ ಕೆಳಗೆ ಮುತ್ತಿನಂಥ ಅಕ್ಷರಗಳಲ್ಲಿ ಬರೆದೆ: "ಬಿ ವಿಂಗ್, ಸಕ್ಕರೆ: ನೂರ ಎಂಬತ್ತಾರು." ಸಂಜೆಗೆ ಯಾರೋ ಅದನ್ನು ಒರೆಸಿ, ಟ್ಯಾಂಕ್ ತೊಳೆಯುವ ದಿನವನ್ನು ಬರೆದಿದ್ದರು.

ಐದನೇ ಕೀಮೋ ಮುಗಿಯುವಷ್ಟರಲ್ಲಿ ಹಲಗೆಯ ಮೇಲೆ "ವೈರಸ್: ಇಲ್ಲ" ಎಂದು ಬಂತು. ಕಟ್ಟಡವೇ ಪೇಢಾ ಹಂಚಿತು. ಸಕ್ಕರೆ ಕಾಯಿಲೆಯವನೆಂದು ನನಗೆ ಮಾತ್ರ ಕೊಡಲಿಲ್ಲ. ನನ್ನ ಕಾಯಿಲೆ ಅವರ ನೆನಪಿಗೆ ಬಂದದ್ದು ಅದೊಂದೇ ಸಲ.

ಆಮೇಲೂ ಎರಡು ತಿಂಗಳಿಗೊಮ್ಮೆ ರಕ್ತ ಕೊಡಬೇಕಿತ್ತು. ಗಂಟು ಕಾಣುವ ಮೊದಲೇ ರಕ್ತ ಹೇಳಿಬಿಡುತ್ತದೆ ಎಂದು ಡಾಕ್ಟರು ಎಚ್ಚರಿಸಿದ್ದರು. ಭಾವ ತಮ್ಮ ರಿಪೋರ್ಟನ್ನು ಫೋನಿನಲ್ಲಿ ಓದುವವರಲ್ಲ. "ಫೋನಲ್ಲಿ ಬರೋದು ಗುಡ್ ಮಾರ್ನಿಂಗ್ ಮಾರಾಯ, ರಿಪೋರ್ಟಲ್ಲ. ಸೀಲು ಬಿದ್ದ ಕಾಗದ ಬೇಕು." ಈ ಸಲ ಅವರಿಗೆ ಸೊಸೈಟಿಯ ಮೀಟಿಂಗು. ಅಂಧೇರಿಯ ಲ್ಯಾಬಿಗೆ ನಾನೇ ಹೋದೆ. ಒಮ್ಮೆಯಾದರೂ ಅವರ ನಂಬರು ಅವರಿಗಿಂತ ಮೊದಲು ನನಗೆ ಗೊತ್ತಾಗಬೇಕು ಎಂಬ ಬಹುದಿನದ ಬಯಕೆ ಬೇರೆ ಇತ್ತು. ಲಕೋಟೆಯನ್ನು ಅಲ್ಲೇ ಮೆಟ್ಟಿಲ ಮೇಲೆ ಒಡೆದೆ.

ಸಾವಿರದ ಎಂಟುನೂರು.

ಹಾರ್ಬರ್ ಲೈನಿನ ಲೋಕಲಿನಲ್ಲಿ ಕಿಟಕಿಯ ಸೀಟೇ ಸಿಕ್ಕಿತು. ವಡಾಲ ಬಂತು, ನಾನು ಏಳಲಿಲ್ಲ. ಮುಂದಿನ ನಿಲ್ದಾಣ ಶಿವ್ಡಿಯಲ್ಲಿ ಇಳಿದು, ಬೆಂಚಿನ ಮೇಲೆ ಕೂತು, ಎದುರಿಂದ ಬಂದ ಎರಡು ಗಾಡಿಗಳನ್ನು ಬಿಟ್ಟು ಮೂರನೆಯದನ್ನು ಹತ್ತಿದೆ.

ಭಾವ ಲಿಫ್ಟಿನ ಹತ್ತಿರವೇ ಕಾಯುತ್ತಿದ್ದರು. ಕಾಗದ ತೆಗೆದುಕೊಂಡು, ಕನ್ನಡಕ ಹಾಕಿಕೊಂಡು, ಎರಡು ಸಲ ಓದಿದರು. ಆಮೇಲೆ ನನ್ನ ಮುಖ ನೋಡಿದರು.

"ನೀ ಎಂತಕ್ಕೆ ಅಳೂದು? ವೈರಸ್ ನಂದಲ್ವಾ?"

"ನಿಮ್ಮದೆಲ್ಲ ನನಗೆ ಬೇಕಿತ್ತು ಭಾವ. ಇದೊಂದು ಬೇಡ," ಎಂದೆ. "ಇದನ್ನು ಬರೆಯುವುದೂ ಬೇಡ."

"ಬರೀದೆ ಹೇಗೆ? ಜನ ಕೇಳ್ತಾರೆ." ವೈರಸ್ಸಿನ ಹಳೆಯ ಸಾಲನ್ನು ಒರೆಸಿ, ಚಾಕ್ ಎತ್ತಿಕೊಂಡರು. ಆಮೇಲೆ ಅದನ್ನು ನನ್ನ ಅಂಗೈಯಲ್ಲಿಟ್ಟರು. "ನೀನೇ ಬರಿ. ಅಕ್ಷರದಲ್ಲಿ ನೀನು ನಂಗಿಂತ ಒಳ್ಳೇದು."

ನಾನು ಬರೆದೆ.

ಸ್ಕ್ಯಾನಿನಲ್ಲಿ ಕಡಲೆಕಾಳಿನಷ್ಟು ಗಂಟೊಂದು ಸಿಕ್ಕಿತು. ಚೂರು ತೆಗೆದು ಪರೀಕ್ಷಿಸಿದರು; ಅದೇ ಕಾಯಿಲೆ. ಬೇಗ ಗೊತ್ತಾದದ್ದು ಒಳ್ಳೆಯದಾಯಿತು ಎಂದು ಡಾಕ್ಟರು ಹೇಳಿದರು. ಎರಡನೇ ಸುತ್ತಿನ ಚಿಕಿತ್ಸೆ ಸೋಮವಾರ ಶುರುವಾಯಿತು.