ನೀಲಿ ಆಡಿನ ಪರವಾಗಿ ಒಂದು ಅರ್ಜಿ

ಬ್ಯಾಡಗಿಯ ಹಿರಿಯ ಮೆಣಸಿನಕಾಯಿ ವರ್ತಕರೂ ನಮ್ಮ ಓಣಿಯ ಬಾಲವಾಡಿಯ ಚಿತ್ರ ಸ್ಪರ್ಧೆಗೆ ಏಕೈಕ ತೀರ್ಪುಗಾರರೂ ಆದ ಪರಮೇಶಪ್ಪನವರ ಸನ್ನಿಧಿಗೆ,

ಮಾನ್ಯರೇ,

ಹಾವೇರಿ ಕೋರ್ಟಿನ ಎದುರು ಬೇವಿನ ಮರದ ಕೆಳಗೆ ಕುಳಿತು ಮೂವತ್ತು ವರ್ಷದಿಂದ ಪರರ ಅರ್ಜಿ ಬರೆದುಕೊಡುತ್ತಿರುವ ಅಬ್ದುಲರಜಾಕನೆಂಬ ನಾನು, ಇದೇ ಮೊದಲ ಸಲ ನನ್ನ ಮನೆಯ ತಕರಾರನ್ನು ಬರೆಯುತ್ತಿದ್ದೇನೆ. ತಮಗೆ ಸಲಾಂ; ತಮ್ಮ ತಕ್ಕಡಿಗೂ ಒಂದು ಸಲಾಂ.

ಮಕ್ಕಳ ದಿನಾಚರಣೆಯಂದು ಕೊಟ್ಟ ವಿಷಯ ‘ನಮ್ಮ ಮನೆ’. ನನ್ನ ಮೊಮ್ಮಗಳು, ಐದು ವರ್ಷದ ದಿಲನಾಜ, ಒಂದು ದೊಡ್ಡ ನೀಲಿ ಆಡು ಬರೆದು ಅದರ ಹೊಟ್ಟೆಯೊಳಗೆ ನಮ್ಮ ಮನೆಯನ್ನು ಕೂರಿಸಿದಳು. ಮಳೆಗಾಲದಲ್ಲಿ ನಮ್ಮ ಹಂಚು ಸೋರುತ್ತದೆ, ಆಡಿನ ಹೊಟ್ಟೆ ಸೋರುವುದಿಲ್ಲ ಎಂಬುದು ಅವಳ ವಾದ. ಇಷ್ಟು ಗಟ್ಟಿ ವಾದವನ್ನು ನಾನು ಯಾವ ವಕೀಲರ ಬಾಯಲ್ಲೂ ಕೇಳಿಲ್ಲ.

ತಾವಾದರೋ, ಚೀಲಕ್ಕೆ ಕೈಹಾಕಿ ಹಿಡಿ ಕಾಯಿ ತೆಗೆದು ಮಾಲು ಪರೀಕ್ಷಿಸುವ ತಮ್ಮ ನಲವತ್ತು ವರ್ಷದ ಅನುಭವವನ್ನೆಲ್ಲ ಮಕ್ಕಳಿಗಾಗಿ ಧಾರೆಯೆರೆದಿರಿ. ಒಂದೊಂದು ಹಾಳೆಯನ್ನೂ ಬಿಸಿಲಿಗೆ ಹಿಡಿದು, ಹೆಬ್ಬೆರಳಿನಿಂದ ತಿಕ್ಕಿ, ಎರಡು ಮೂರನ್ನು ಮೂಸಿಯೂ ನೋಡಿ, ಕೆಂಪು ಹೆಚ್ಚಿದ್ದುದನ್ನು ಬಲಕ್ಕೂ ಕಡಿಮೆಯಿದ್ದುದನ್ನು ಎಡಕ್ಕೂ ಗುಡ್ಡೆ ಹಾಕಿದಿರಿ. ನಮ್ಮ ಆಡಿನ ಸರದಿ ಬಂದಾಗ, “ಇದಕ್ಕ ಬಣ್ಣನ ಇಲ್ಲಲ್ರಿ” ಎಂದು ಬೆಂಚಿನ ಕೆಳಗೆ ಬಿಟ್ಟಿರಿ. ಮೊದಲ ಬಹುಮಾನ ಚನ್ನೇಶನೆಂಬ ಪೋರನಿಗೆ ಹೋಯಿತು. ಅವನ ಬಣ್ಣದ ಡಬ್ಬಿಯಲ್ಲಿ ಉಳಿದಿದ್ದುದು ಕೆಂಪು ಕಡ್ಡಿ ಒಂದೇ. ಹಾಳೆ ತುಂಬ ಅದನ್ನೇ ಉಜ್ಜಿದ್ದ. ಏನು ಬರೆದೆ ಎಂದು ಟೀಚರು ಕೇಳಿದರೆ ಅವನಿಗೂ ಗೊತ್ತಿರಲಿಲ್ಲ, ಅಷ್ಟರಲ್ಲಿ ತಾವು ಚಪ್ಪಾಳೆ ತಟ್ಟಿಯಾಗಿತ್ತು. ಹುಡುಗನ ಮೇಲೆ ನನ್ನ ತಕರಾರೇನೂ ಇಲ್ಲ.

ತಕರಾರು ಇಷ್ಟೇ: ಅಂದಿನಿಂದ ಮಗು ಎಲ್ಲವನ್ನೂ ಕೆಂಪಾಗಿ ಬರೆಯುತ್ತಿದ್ದಾಳೆ. ಕೆಂಪು ಹಾಲು, ಕೆಂಪು ಮಳೆ, ಕೆಂಪು ಗಡ್ಡದ ನಾನು. ನೀಲಿ ಕಡ್ಡಿಯನ್ನು ಜೋಳದ ಡಬ್ಬಿಯಲ್ಲಿ ಹುಗಿದಿಟ್ಟಿದ್ದಾಳೆ. ಯಾಕವ್ವ ಎಂದು ಕೇಳಿದರೆ, “ಅದಕ್ಕ ಬಣ್ಣ ಇಲ್ಲಂತ, ದಾದಾ” ಎಂದಳು.

ಆದ್ದರಿಂದ ತಾವು ದಯಮಾಡಿ, ಬ್ಯಾಡಗಿ ತಾಲ್ಲೂಕಿನ ಆಡುಗಳು ನೀಲಿಯಾಗಿರಲು ತಮ್ಮ ಅಭ್ಯಂತರವಿಲ್ಲವೆಂದು ಅಂಗಡಿಯ ಮೊಹರು ಒತ್ತಿ ಬರೆದುಕೊಡಬೇಕು. ಅದು ಸಾಧ್ಯವಾಗದಿದ್ದರೆ, ರಾಣೆಬೆನ್ನೂರಿನ ಬೀಜದ ವ್ಯಾಪಾರಿಗಳಲ್ಲಿ ತಮ್ಮ ಬೀಗರು ಯಾರಾದರೂ ಇದ್ದರೆ ಅವರಿಗೆ ಹೇಳಿ, ಬರುವ ಮುಂಗಾರಿನೊಳಗೆ ನೀಲಿ ಆಡಿನ ಬೀಜ ತರಿಸಿಕೊಡಬೇಕು. ಬಿತ್ತುವ ಜವಾಬ್ದಾರಿ ನನ್ನದು. ಮುಂದೆ ಆಕಾಶಕ್ಕೂ ತಾವು ದರ್ಜೆ ಕಟ್ಟುವುದಾದರೆ, ಒಂದು ಮಾತು ಮೊದಲೇ ತಿಳಿಸಿದರೆ ಮಗುವಿಗೆ ನಾನೇ ತಿಳಿಹೇಳುತ್ತೇನೆ.

ತಮ್ಮ ಎಡಗಡೆಯ ಗುಡ್ಡೆಯಲ್ಲೂ ಜಾಗ ಸಿಗದ,
ತಮ್ಮ ವಿಶ್ವಾಸಿ
ಅಬ್ದುಲರಜಾಕ

ತಾಜಾ ಕಲಂ: ಲಕೋಟೆ ಅಂಟಿಸುವಷ್ಟರಲ್ಲಿ ದಿಲನಾಜ ತಮ್ಮ ಚಿತ್ರ ಬರೆದು ತಂದಳು. ಕೆಂಪು ಮಳೆಯಲ್ಲಿ ತಾವೊಬ್ಬರೇ ತೋಯುತ್ತ ನಿಂತಿದ್ದೀರಿ. ಅದನ್ನು ಸ್ವಲ್ಪ ಹೊತ್ತು ನೋಡಿದವಳು ಎದ್ದುಹೋಗಿ, ಜೋಳದ ಡಬ್ಬಿಯಿಂದ ನೀಲಿ ಕಡ್ಡಿ ತೆಗೆದು, ತಮ್ಮ ಪಕ್ಕಕ್ಕೆ ಒಂದು ಆಡು ಬರೆದು, ತಾವು ಒಳಗೆ ಬರಲೆಂದು ಅದರ ಹೊಟ್ಟೆಗೆ ಬಾಗಿಲು ಇಟ್ಟಳು. ಆದಕಾರಣ ಮೇಲಿನ ಕೋರಿಕೆಗಳನ್ನೆಲ್ಲ ಹಿಂದಕ್ಕೆ ಪಡೆದಿದ್ದೇನೆ. ಬಾಗಿಲು ಮಾತ್ರ ಅವಳ ಅಳತೆಗೆ ಇದೆ. ತಾವು ಬಗ್ಗಿ ಬರಬೇಕಾಗುತ್ತದೆ.