ಬೆಟ್ಟದೂರಿನ ರೇಡಿಯೋದ ಐದು ಕೇಳುಗರು

ಒಳ್ಳೆಯ ಉದ್ದೇಶಕ್ಕೆ ಸುಳ್ಳು ಹೇಳುವವರನ್ನು ನಂಬಬೇಡಿ. ಅರ್ಧ ದಾರಿಯಲ್ಲಿ ಕೈಬಿಡುತ್ತಾರೆ. ನಾನೂ ಬಿಟ್ಟೆ.

ಸ್ಯಾನ್ ಡಿಯೇಗೋದಿಂದ ಮೇಲಕ್ಕೆ, ಬೆಟ್ಟದ ಮೇಲಿನ ಪುಟ್ಟ ಊರಿನಲ್ಲಿ ನನ್ನದೊಂದು ದಿನಸಿ ಅಂಗಡಿ. ಕೊರೋನಾ ಬಂದು ಗಿರಾಕಿಗಳು ಬರುವುದು ನಿಂತಾಗ ಜೊತೆಗಿದ್ದದ್ದು ಊರಿನ ಕಂಟ್ರಿ ಮ್ಯೂಸಿಕ್ ರೇಡಿಯೋ ಒಂದೇ. ಹೆಂಡತಿ ಬಿಟ್ಟುಹೋದದ್ದು, ಕುದುರೆ ಸತ್ತದ್ದು, ಟ್ರಕ್ ಕೆಟ್ಟದ್ದು: ಹಾಡುಗಳೆಲ್ಲ ಇಷ್ಟೇ. ನಡೆಸುತ್ತಿದ್ದವನು ಡೇಲ್ ಎಂಬ ಒಂಟಿ ಮುದುಕ. "ಒಬ್ಬರಾದರೂ ಫೋನ್ ಮಾಡಿ. ಕೇಳುವವರಿದ್ದರೆ ನಡೆಸುತ್ತೇನೆ, ಇಲ್ಲದಿದ್ದರೆ ಮುಚ್ಚುತ್ತೇನೆ" ಎಂದು ಒಂದು ದಿನ ಮೈಕಿನಲ್ಲೇ ಅಂಗಲಾಚಿದ.

ಪಾಪ ಅನ್ನಿಸಿತು. ಹಾಸನದ ಹೈಸ್ಕೂಲ್ ಇಂಗ್ಲಿಷ್‌ನಲ್ಲಿ ಫೋನ್ ಮಾಡಿ ಸೇಬುತೋಟದ ಬಾಬ್ ಆದೆ. ಮರುದಿನ ಲಾರಿಯ ಜಿಮ್. ಹೀಗೆ ಐದು ಜನರಾದೆ. ದನಿ ಬದಲಿಸಲು ನನಗೆ ಗೊತ್ತಿದ್ದ ವಿದ್ಯೆ ಒಂದೇ, ಕೆಮ್ಮು. "ರೀ, ಇವತ್ತು ಯಾರಾಗಿದ್ದೀರಿ?" ಎಂದು ಹೆಂಡತಿ ಶಾರದಾ ಕಾಫಿ ಕೊಡುತ್ತಾ ಕೇಳುವಳು.

ಆಮೇಲೆ ದೂರದ ಪೋರ್ಟರ್ ರ್ಯಾಂಚ್ ಬಡಾವಣೆಯಲ್ಲಿನ ಮಗಳ ಮನೆಗೆ ಹೋಗಿ ಎರಡು ತಿಂಗಳು ಕೂತುಬಿಟ್ಟೆವು. ಡೇಲ್‌ನ ರೇಡಿಯೋ ಅಲ್ಲಿಗೆ ಸಿಗದು. ಫೋನ್ ಜೇಬಿನಲ್ಲೇ ಇತ್ತು. ಆದರೆ ಕೇಳದ ಹಾಡನ್ನು ಹೊಗಳಿದರೆ ಸುಳ್ಳಾಗುತ್ತದಲ್ಲ! ನನ್ನ ಸತ್ಯಸಂಧತೆ ಎಚ್ಚೆತ್ತದ್ದು ಆಗ.

ವಾಪಸು ಬಂದಾಗ ರೇಡಿಯೋದಲ್ಲಿ ಬರೀ ಗೊರಗೊರ. ಓಡಿದೆ. ಕುದುರೆ ಮೇವಿನ ಅಂಗಡಿಯ ಹಿಂದಿನ ಕೋಣೆಯೇ ರೇಡಿಯೋ ಸ್ಟೇಷನ್; ಅಲ್ಲಿ ಡೇಲ್ ವೈರು ಸುತ್ತುತ್ತಿದ್ದ. ಅಭ್ಯಾಸಬಲದಿಂದ "ಊಟ ಆಯ್ತಾ?" ಅಂದೆ.

ಅವನ ಕೈ ನಿಂತಿತು. "ಈ ಊರಲ್ಲಿ ಊಟ ಆಯ್ತಾ ಅಂತ ನನ್ನನ್ನು ಕೇಳುತ್ತಿದ್ದವರು ಐದೇ ಜನ. ಐವರೂ ಕೆಮ್ಮುತ್ತಿದ್ದರು. ಒಂದೇ ದಿನ ಎಲ್ಲರೂ ಸುಮ್ಮನಾದರು. ಹೋಗಿಬಿಟ್ಟರು ಅಂದುಕೊಂಡು ಒಬ್ಬೊಬ್ಬರಿಗೂ ಒಂದೊಂದು ಹಾಡು ಹಾಕಿ, ಮುಚ್ಚಿಬಿಟ್ಟೆ. ನಿಮಗೆ ಗೊತ್ತಿದ್ದವರಾ?"

"ಬದುಕಿದ್ದಾರೆ. ಮಗಳ ಮನೆಗೆ ಹೋಗಿದ್ದರು."

"ಐವರೂ?"

"ಐವರೂ."

ಡೇಲ್ ನನ್ನ ಮುಖ ನೋಡಿದ. "ಬಂದರೆ ಹೇಳಿ, ನನ್ನ ಊಟ ಆಗಿದೆ ಅಂತ" ಎಂದು ಮತ್ತೆ ವೈರು ಸುತ್ತತೊಡಗಿದ.

ಮನೆಗೆ ಬಂದೆ. "ತಟ್ಟೆ ಹಾಕ್ಲೇನ್ರೀ?" ಎಂದಳು ಶಾರದಾ. ಬೇಡವೆಂದೆ. ಐವರಲ್ಲಿ ಒಬ್ಬನಿಗೂ ಹಸಿವಿರಲಿಲ್ಲ.